ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿದ ನಿದ್ದೆ

ದವಡೆಯ ಆಪರೇಷನ್ ಆದವರನ್ನು ಜನ ಕೇಳುವುದು ಮೂರೇ ಪ್ರಶ್ನೆ. ತುಂಬ ನೋವಿತ್ತಾ? ಎಷ್ಟು ದಿನ ಊಟ ಬಿಟ್ಟಿರಿ? ತೂಕ ಎಷ್ಟು ಇಳಿಯಿತು? ಮೂರನೆಯದನ್ನು ಕೇಳುವಾಗ ಕೆಲವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇರುತ್ತದೆ. ಹೋದ ತಿಂಗಳು ಚೆಕಪ್ಪಿಗೆ ಹೋದಾಗ ಮಾತ್ರ, ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಎಕ್ಸ್‌ರೇ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ ಹೆಂಗಸೊಬ್ಬಳು ಯಾರೂ ಕೇಳದ ಪ್ರಶ್ನೆ ಕೇಳಿದಳು. "ದೀದಿ, ಆಪರೇಷನ್ ಕೇ ಪೆಹಲೇ ಆಪ್‌ಕೋ ನೀಂದ್ ಆತೀ ಥೀ ಕ್ಯಾ?" ನಿಮಗೆ ನಿದ್ದೆ ಬರುತ್ತಿತ್ತಾ ಎಂದು. ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದರೇ ತಿಳಿಯುತ್ತಿತ್ತು, ಅವಳಿಗೆ ಬರುತ್ತಿಲ್ಲ. ಇಲ್ಲಮ್ಮ, ನನಗೂ ಬರುತ್ತಿರಲಿಲ್ಲ ಎಂದೆ. ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಅಷ್ಟರಲ್ಲಿ ಅವಳ ನಂಬರ್ ಕೂಗಿದರು. ಅವಳಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ವಸಂತಿ. ವಯಸ್ಸು ನಲವತ್ತೇಳು. ಮನೆ ಡೊಂಬಿವಲಿ ಪೂರ್ವದಲ್ಲಿ, ಮಾನಪಾಡಾ ರಸ್ತೆಯ ಹತ್ತಿರ. ಕೆಲಸ ನವಿ ಮುಂಬೈಯ ಮಹಾಪೆಯಲ್ಲಿ, ಮಾತ್ರೆಗಳನ್ನು ಪ್ಯಾಕ್ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ದೀಪದ ಮೇಜಿನ ಮುಂದೆ ಕುಳಿತು, ಯಾವ ಪಟ್ಟಿಯಲ್ಲಿ ಮಾತ್ರೆ ಒಡೆದಿದೆ, ಯಾವುದರಲ್ಲಿ ಗುಳಿ ಖಾಲಿ ಇದೆ ಎಂದು ಹುಡುಕುವುದು. ಇಪ್ಪತ್ತು ವರ್ಷ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳಿಗೆ ಮನೆಯಲ್ಲೂ ಅದೇ ಅಭ್ಯಾಸ. ನನ್ನ ಗಂಡ ಸದಾನಂದ ಠಾಣೆಯ ಒಂದು ವೆಜಿಟೇರಿಯನ್ ಹೋಟೆಲಿನಲ್ಲಿ ಮ್ಯಾನೇಜರ್. ಉಡುಪಿ ಕಡೆಯವರು ನಾವು, ಮನೆಯಲ್ಲಿ ತುಳು. ಮಗಳು ಅನುಷಾಗೆ ಹತ್ತೊಂಬತ್ತು. ಇಲ್ಲೇ ಹುಟ್ಟಿ ಬೆಳೆದವಳು. ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ.

ನನ್ನ ಕಾಯಿಲೆ ಒಂದು ಸಣ್ಣ ಊತದಿಂದ ಶುರುವಾಯಿತು. ಎಡಗಡೆ, ಕಿವಿಯ ಕೆಳಗೆ. ಹಲ್ಲಿನದ್ದೇ ಏನೋ ಎಂದು ಲವಂಗದೆಣ್ಣೆ ಹಚ್ಚಿಕೊಂಡು ಒಂದು ತಿಂಗಳು ತಳ್ಳಿದೆ. ಕಡೆಗೆ ಸ್ಟೇಷನ್ ಹತ್ತಿರದ ಹಲ್ಲಿನ ಡಾಕ್ಟರರು ಇಡೀ ಬಾಯಿಯ ಎಕ್ಸ್‌ರೇ ತೆಗೆದರು. ತೆಗೆಯುವ ತನಕ ಕ್ರಿಕೆಟ್ ಮಾತಾಡುತ್ತಿದ್ದವರು ಅದನ್ನು ನೋಡಿದ ಮೇಲೆ ಸುಮ್ಮನಾದರು.  ನವಿ ಮುಂಬೈಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿನ ಸರ್ಜನ್ ನನ್ನ ತಮ್ಮನಷ್ಟು ಪ್ರಾಯದವರು. ಹುಗಿದುಹೋದ ಬುದ್ಧಿಹಲ್ಲಿನ ಸುತ್ತ ಒಂದು ಚೀಲ ಬೆಳೆದಿದೆ, ಅದು ಮೂಳೆಯನ್ನು ತಿನ್ನುತ್ತಾ ಬಂದಿದೆ, ತೆಗೆಯಬೇಕು ಎಂದರು. ತೆಗೆದ ಜಾಗಕ್ಕೆ ಲೋಹದ ಪಟ್ಟಿ ಹಾಕುತ್ತಾರೆ. ಮೂಳೆ ಗಟ್ಟಿಯಾಗುವವರೆಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಂತಿ ಬಿಗಿದು ಆರು ವಾರ ಬಾಯಿ ಮುಚ್ಚಿಡುತ್ತಾರೆ. ಸದಾನಂದ ಅದೆಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, "ಹಾಗಾದ್ರೆ ಸಾರು ಕುಡೀಬಹುದಲ್ಲ ಡಾಕ್ಟ್ರೇ?" ಎಂದರು. ಕುಡಿಯಬಹುದು. "ಗಂಜಿ ತಿಳಿ? ರಾಗಿ ಅಂಬಲಿ? ಪಾಯಸ ಸೋಸಿ ಕೊಟ್ರೆ?" ಹೋಟೆಲಿನವರ ಬುದ್ಧಿ. ಹೆಂಡತಿಯ ದವಡೆ ಕೊರೆಯುತ್ತಾರೆ ಎಂದರೂ ಇವರು ಮೆನು ಬರೆಯುತ್ತಿದ್ದಾರೆ ಎಂದು ನನಗೆ ಆಗ ಸಿಟ್ಟು ಬಂದಿತ್ತು. ಅದು ಅವರು ಹೆದರುವ ರೀತಿ ಎಂದು ನನಗೆ ಗೊತ್ತಾಗಲು ತುಂಬ ದಿನ ಬೇಕಾಯಿತು.

ಮುಂದಿನ ವಾರ ಸ್ಕ್ಯಾನ್ ತೋರಿಸಲು ಒಬ್ಬಳೇ ಹೋದೆ. ಸರ್ಜನ್ ಪರದೆಯ ಮೇಲೆ ನನ್ನ ದವಡೆಯನ್ನು ತಿರುಗಿಸಿ ತೋರಿಸಿದರು. ಒಂದು ಕಡೆ ಮೂಳೆ ಮೊಟ್ಟೆಯ ಸಿಪ್ಪೆಯಷ್ಟೇ ಉಳಿದಿತ್ತು. "ಗಟ್ಟಿಯಾದದ್ದು ಏನೂ ಕಚ್ಚಬೇಡಿ. ಅದಾಗಿಯೇ ಮುರಿದರೆ ಕೆಲಸ ದೊಡ್ಡದಾಗುತ್ತದೆ. ಸೊಂಟದಿಂದ ಮೂಳೆ ತೆಗೆದು ಇಲ್ಲಿ ಕೂರಿಸಬೇಕಾಗುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ತಲೆಯಾಡಿಸಿದೆ. ಬರುವಾಗ ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು ತಂದೆ. ಮನೆಯಲ್ಲಿ ಕೇಳಿದಾಗ, "ಎಲ್ಲ ಸರಿ ಇದೆಯಂತೆ, ಅವತ್ತು ಹೇಳಿದ್ದಷ್ಟೇ, ಹೆದರುವಂಥದ್ದೇನೂ ಇಲ್ಲವಂತೆ" ಎಂದೆ.

ಯಾಕೆ ಸುಳ್ಳು ಹೇಳಿದೆ? ಅನುಷಾಗೆ ಪರೀಕ್ಷೆ ಹತ್ತಿರವಿತ್ತು ಎಂಬುದು ನಾನು ನನಗೇ ಕೊಟ್ಟುಕೊಂಡ ನೆಪ. ನಿಜ ಏನೆಂದರೆ, ಬಾಯಿಬಿಟ್ಟು ಹೇಳಿದರೆ ನಾನು ಅತ್ತುಬಿಡುತ್ತಿದ್ದೆ. ಮನೆಯಲ್ಲಿ ಅಳುವವಳು ನಾನಲ್ಲ ಎಂದು ಮೂವರೂ ಒಪ್ಪಿಕೊಂಡಿದ್ದೆವು.

ಅವತ್ತಿನಿಂದ ನಿದ್ದೆ ಹೋಯಿತು. ಎಡಮಗ್ಗುಲಾಗಿ ಮಲಗಿದರೆ ದವಡೆ ಒತ್ತಿ ಮುರಿದರೆ ಎಂಬ ಭಯ. ನಿದ್ದೆಯಲ್ಲಿ ಹಲ್ಲು ಕಡಿದರೆ? ಹಾಗಾಗಿ ಗಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡು ಮಲಗುವುದು. ಕೈ ಸಡಿಲವಾದೊಡನೆ ಬೆಚ್ಚಿ ಏಳುವುದು. ಅದರ ಹಿಂದೆ ಇನ್ನೊಂದು ಹಳೆಯ ಭಯವಿತ್ತು. ನಾನು ಹತ್ತು ವರ್ಷದವಳಿದ್ದಾಗ ನನ್ನ ದೊಡ್ಡಮ್ಮನಿಗೆ ಆಪರೇಷನ್‌ಗೆಂದು ಮತ್ತು ಬರುವ ಮದ್ದು ಕೊಟ್ಟಿದ್ದರು, ಅವರು ಮತ್ತೆ ಕಣ್ಣು ಬಿಡಲಿಲ್ಲ. ದೊಡ್ಡವರು ಅದನ್ನು "ನಿದ್ದೆಯಲ್ಲೇ ಹೋದಳು" ಎಂದು ಹೇಳುತ್ತಿದ್ದರು. ಹಾಗಾಗಿ ನಿದ್ದೆ ಎಂಬ ಶಬ್ದ ಕೇಳಿದರೇ ನನಗೆ ದೊಡ್ಡಮ್ಮನ ಮುಖ ಕಾಣುತ್ತಿತ್ತು. ಸದಾನಂದ ಬೆಳಗಿನ ಮೊದಲ ಲೋಕಲ್ ಹಿಡಿಯುವವರು, ಬೇಗ ಮಲಗುತ್ತಿದ್ದರು. ಅವರ ಗೊರಕೆ ಕೇಳುತ್ತಾ, ಫ್ಯಾನಿನ ರೆಕ್ಕೆಯ ಧೂಳು ಎಣಿಸುತ್ತಾ, ಮನಸ್ಸಿನಲ್ಲೇ ಎಲ್ಲರ ಮೇಲೂ ಸಿಟ್ಟಾಗುತ್ತಾ ಬೆಳಕು ಹರಿಸುತ್ತಿದ್ದೆ. ಡಾಕ್ಟರರಿಗೂ ನಿದ್ದೆಯ ವಿಷಯ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಇನ್ನು ನನ್ನ ಬಸ್ಸಿನ ವಿಷಯ ಹೇಳಬೇಕು. ಕಲ್ಯಾಣದಿಂದ ಹೊರಟು, ಡೊಂಬಿವಲಿಯ ಮಾನಪಾಡಾ ಹಾದು, ಶಿಳ್‌ಫಾಟಾ ಜಂಕ್ಷನ್ ದಾಟಿ ಮಹಾಪೆಗೆ ಹೋಗುವ ಬೆಳಗಿನ ಬಸ್ಸು. ಹೆಂಗಸರ ಸೀಟಿನಲ್ಲಿ ವರ್ಷಗಟ್ಟಲೆ ಅದೇ ಮುಖಗಳು. ಕಂಡಕ್ಟರ್ ಮನೀಷಾ ಕಲ್ಯಾಣದವಳು, ದನಿ ತೆಗೆದರೆ ಹಿಂದಿನ ಬಸ್ಸಿನವರಿಗೂ ಕೇಳಬೇಕು. ಶರಣಮ್ಮ ಟಿಟ್ವಾಳಾದಿಂದ ಲೋಕಲ್‌ನಲ್ಲಿ ಕಲ್ಯಾಣಕ್ಕೆ ಬಂದು ಈ ಬಸ್ಸು ಹತ್ತುವವಳು. ಕಲಬುರಗಿ ಕಡೆಯವಳು, ಮೊದಲು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತವಳು, ಈಗ ಮಹಾಪೆಯ ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಅವಳ ಕನ್ನಡ ನನಗೆ, ನನ್ನ ಕನ್ನಡ ಅವಳಿಗೆ ನಗು ಬರಿಸುತ್ತದೆ. ನಾನು ಪುಸ್ತಕ ಓದಿದ ಹಾಗೆ ಮಾತಾಡುತ್ತೇನಂತೆ.

ಆಸ್ಪತ್ರೆಯ ಸರದಿಯಲ್ಲಿ ಎರಡು ತಿಂಗಳು ಕಾದ ಮೇಲೆ, ಸೋಮವಾರ ಆಪರೇಷನ್ ಎಂದು ನಿಶ್ಚಯವಾಗಿತ್ತು. ಬಸ್ಸಿನಲ್ಲೂ ಸುಳ್ಳೇ ಹೇಳಿದ್ದೆ. ಸಣ್ಣದೊಂದು ಹಲ್ಲಿನ ಕೆಲಸ, ಆಮೇಲೆ ಆರು ವಾರ ಬಾಯಿ ಬಂದ್, ಬರೀ ನೀರು ನೀರಾದ ಊಟ. ಆರು ವಾರ ಎಂದದ್ದೇ ತಡ, ಅವರೆಲ್ಲ ಏನೋ ಗುಟ್ಟು ಮಾಡತೊಡಗಿದರು. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದರೆ ನನ್ನ ಸೀಟಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದಾರೆ. ಮನೀಷಾ ಟಿಕೆಟ್ ಮೆಷಿನ್ ಎತ್ತಿ ಹಿಡಿದು ಘೋಷಣೆ ಮಾಡಿದಳು. "ಸೋಮವಾರ್‌ಪಾಸೂನ್ ಖಾಣಂ ಬಂದ್, ಮ್ಹಣೂನ್ ಆಜ್ ವಸಂತೀ ಮ್ಯಾಡಮ್‌ಚೀ ಗಟಾರೀ!" ಸೋಮವಾರದಿಂದ ತಿನ್ನುವುದು ಬಂದ್, ಅದಕ್ಕೇ ಇವತ್ತು ವಸಂತಿ ಮ್ಯಾಡಮ್ಮಿನ ಗಟಾರಿ ಎಂದು.

ಈ ಕಡೆಯವರಿಗೆ ಗಟಾರಿ ಏನೆಂದು ಹೇಳಬೇಕಿಲ್ಲ. ಶ್ರಾವಣ ಮಾಸ ಹಿಡಿದರೆ ಮಾಂಸ ಮದ್ಯ ಮುಟ್ಟುವಂತಿಲ್ಲ, ಆದ್ದರಿಂದ ಅದಕ್ಕೆ ಮೊದಲು ಒಂದು ದಿನ ಮನದಣಿಯೆ ತಿಂದು ಕುಡಿದು ಮುಗಿಸುತ್ತಾರೆ. ನಾನು ಈರುಳ್ಳಿಗೂ ಯೋಚಿಸುವ ಮನೆಯಿಂದ ಬಂದವಳು. ನನಗೂ ಒಂದು ಗಟಾರಿ! ಇನ್ನು ಆರು ವಾರ ಅಗಿಯುವಂತಿಲ್ಲ, ಹಾಗಾದರೆ ಇವತ್ತೇ ಎಲ್ಲ ಅಗಿದುಬಿಡಲಿ ಎಂಬುದು ಅವರ ಲೆಕ್ಕ. ಆರಿಸಿ ಆರಿಸಿ ಗಟ್ಟಿಯಾದದ್ದನ್ನೇ ತಂದಿದ್ದರು. ಒಬ್ಬಳ ಮನೆಯ ಚಕ್ಕುಲಿ, ಇನ್ನೊಬ್ಬಳ ಶೇಂಗಾ ಚಿಕ್ಕಿ, ಹುರಿದ ಕಡಲೆ, ಶರಣಮ್ಮನ ಊರಿಂದ ಬಂದ ಖಡಕ್ ರೊಟ್ಟಿ. ಡಬ್ಬಗಳೆಲ್ಲ ಒಂದೊಂದಾಗಿ ನನ್ನ ಮಡಿಲಿಗೆ ಬಂದವು.

ನನ್ನ ಸುಳ್ಳು ನನ್ನ ಮುಂದೆಯೇ ಚಕ್ಕುಲಿಯಾಗಿ ಬಂದು ಕೂತಿತ್ತು. ಹತ್ತು ಹನ್ನೆರಡು ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಆ ಪ್ರೀತಿಯ ಮುಂದೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಬಲಗಡೆಯಿಂದ ಮೆಲ್ಲಗೆ ಕಚ್ಚಿದರಾಯಿತು ಎಂದುಕೊಂಡು ಒಂದು ತುಂಡು ಬಾಯಿಗಿಟ್ಟು ಕಚ್ಚಿದೆ.

ಟಕ್ ಎಂದಿತು.

ಕಿವಿಯ ಒಳಗೇ ಕೇಳಿದ ಸದ್ದು ಅದು. ಚಕ್ಕುಲಿಯೋ, ಮೂಳೆಯೋ? ನಾಲಿಗೆ ಆಡಿಸಲು ಧೈರ್ಯ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಬಸ್ಸು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ನಿಂತಿತ್ತು.  ಉಳಿದವರು ಚಿಕ್ಕಿ ಹಂಚಿಕೊಳ್ಳುವುದರಲ್ಲಿ ಮುಳುಗಿದರು. ಶರಣಮ್ಮ ಮಾತ್ರ ನನ್ನ ಕೆನ್ನೆಯನ್ನೇ ನೋಡುತ್ತಿದ್ದಳು. ತುಂಡು ಅಲ್ಲೇ ಉಬ್ಬಿಕೊಂಡು ಕೂತಿದ್ದನ್ನು ಅವಳು ಗಮನಿಸಿದ್ದಳು.

"ಯಕ್ಕಾ, ಯಾಕ ನುಂಗವಲ್ಲಿರಿ?" ಎಂದು ಕಿವಿಯ ಹತ್ತಿರ ಬಂದಳು. "ಮಾರಿ ಯಾಕ ಹಿಂಗ ಬೆಳ್ಳಗಾಗ್ಯಾದ? ಖರೇ ಹೇಳ್ರಿ, ಏನಾಗ್ಯಾದ ನಿಮಗ?"

ಚಕ್ಕುಲಿಯನ್ನು ಕರವಸ್ತ್ರಕ್ಕೆ ಉಗಿದು, ಎರಡು ತಿಂಗಳಿಂದ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಮೊಟ್ಟೆಯ ಸಿಪ್ಪೆ, ಸೊಂಟದ ಮೂಳೆ, ನಿದ್ದೆ, ದೊಡ್ಡಮ್ಮ, ಎಲ್ಲ. ಹೇಳುತ್ತಾ ಅತ್ತೆ. ಶರಣಮ್ಮ ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಬೈದಳು.

"ಇಷ್ಟ್ ದಿನ ಒಬ್ಬಾಕಿನೇ ಹೊತ್ಕೊಂಡು ತಿರಗ್ಯಾಡೀರಿ? ನಾವೇನು ಸತ್ತಿದ್ವೇನ್ರಿ? ನಾ ಬ್ಯಾರೆ ಖಡಕ್ ರೊಟ್ಟಿ ತಂದೀನಿ, ನನ್ನ ಪಾಪ ಎಲ್ಲಿ ತೊಳೀಬೇಕು! ನಡೀರಿ, ಮೊದ್ಲು ದವಾಖಾನಿಗೆ ಹೋಗಮು."

"ನಿಮ್ಮ ಕ್ಯಾಂಟೀನು?"

"ಸುಡ್ರಿ ಅದನ್ನ. ಒಂದಿನ ಅವರೇ ರೊಟ್ಟಿ ಬಡೀಲಿ."

ಮಹಾಪೆಯಲ್ಲಿ ಇಳಿದವಳೇ ರಿಕ್ಷಾ ನಿಲ್ಲಿಸಿದಳು. ದಾರಿಯುದ್ದಕ್ಕೂ ಹಳ್ಳ ಬಂದಾಗಲೆಲ್ಲ ರಿಕ್ಷಾದವನಿಗೆ ಹಿಂದಿಯಲ್ಲಿ ಬೈದು, ತನ್ನ ಅಂಗೈಯನ್ನು ನನ್ನ ಗಲ್ಲದ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಇಟ್ಟಿಗೆ ಹೊತ್ತು, ರೊಟ್ಟಿ ಬಡಿದು ಗಟ್ಟಿಯಾದ ಕೈ. ಆ ಕೈಯ ಮೇಲೆ ನನ್ನ ದವಡೆಯ ಭಾರ ಬಿಟ್ಟುಕೊಟ್ಟ ಆ ಇಪ್ಪತ್ತು ನಿಮಿಷ, ಇಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಸ್ವಂತ ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮುರಿದಿದ್ದು ಚಕ್ಕುಲಿ. ದೇವರು ದೊಡ್ಡವನು ಎಂದು ಶರಣಮ್ಮ ಸರ್ಜನ್ ಎದುರಿಗೇ ಕೈ ಮುಗಿದಳು. ಆದರೆ ನರ್ಸ್ ಬಿಪಿ ನೋಡಿ ಮತ್ತೊಮ್ಮೆ ನೋಡಿದಳು, ಸರ್ಜನರನ್ನು ಕರೆದಳು. ಅವರು ನನ್ನನ್ನು ದಿಟ್ಟಿಸಿ, "ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ?" ಎಂದರು. ಶರಣಮ್ಮ ನನ್ನ ಪರವಾಗಿ ಹೇಳಿಬಿಟ್ಟಳು. "ಸೋತೀಚ್ ನಹೀಂ ಸಾಬ್. ದೋ ಮಹೀನಾ ಹೋ ಗಯಾ." ಮಲಗುವುದೇ ಇಲ್ಲ, ಎರಡು ತಿಂಗಳಾಯಿತು ಎಂದು.

ಈ ಬಿಪಿಯಲ್ಲಿ ಸೋಮವಾರ ಮತ್ತಿನ ಮದ್ದು ಕೊಡಲಾಗುವುದಿಲ್ಲ, ಮೂರು ವಾರ ಮುಂದಕ್ಕೆ ಹಾಕೋಣ ಎಂದರು. ಬಿಪಿಗೆ ಮಾತ್ರೆ, ಕೆಲವು ದಿನಕ್ಕೆ ನಿದ್ದೆಗೆ ಸಣ್ಣದೊಂದು ಮಾತ್ರೆ, ಮತ್ತೆ ಒಬ್ಬ ಮನೋವೈದ್ಯರನ್ನು ಕಾಣಲು ಚೀಟಿ. "ಆ ಮೂಳೆಗೆ ಹೆಚ್ಚು ದಿನ ಕಾಯುವ ಶಕ್ತಿ ಇಲ್ಲ. ಮೂರು ವಾರದಲ್ಲಿ ನೀವು ನಿದ್ದೆ ಮಾಡಿ ಬರಬೇಕು, ಅದು ಈಗ ನಿಮ್ಮ ಚಿಕಿತ್ಸೆಯ ಮೊದಲ ಭಾಗ" ಎಂದರು. ನಿದ್ದೆ ಬರುತ್ತಿಲ್ಲ ಎಂದು ಮೊದಲ ದಿನವೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಇದನ್ನು ಓದುವವರು ಯಾರಾದರೂ ಆಪರೇಷನ್‌ಗೆ ಕಾಯುತ್ತಿದ್ದರೆ, ದಯವಿಟ್ಟು ಡಾಕ್ಟರರು ಕೇಳಲಿ ಎಂದು ಕಾಯಬೇಡಿ, ನೀವೇ ಹೇಳಿ.

ಅಂದು ಸಂಜೆ ಮನೆಯಲ್ಲಿ ಕುಳಿತು ನಿಜ ಹೇಳಿದೆ. ಸದಾನಂದ ಎದ್ದು ಬಂದು ನನ್ನ ಪಕ್ಕ ಕುಳಿತರು. ಆಮೇಲೆ, "ಪೋಡ್ಯೊಡ್ಚಿ, ಯಾನ್ ಉಲ್ಲೆ" ಎಂದರು. ಹೆದರಬೇಡ, ನಾನಿದ್ದೇನೆ ಎಂದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು. ಅನುಷಾ ಮಾತ್ರ ಕೆಂಡವಾದಳು. "ದೋ ಮಹೀನೇ ಝೂಠ್ ಬೋಲಾ ತುಮ್ನೇ, ಮಮ್ಮಿ? ಮೈಂ ಕ್ಯಾ ಬಚ್ಚೀ ಹೂಂ? ಮುಝ್ ಪರ್ ಭರೋಸಾ ನಹೀಂ ಹೈ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ನನ್ನೊಡನೆ ಮಾತಿಲ್ಲ. ಎರಡು ತಿಂಗಳು ಸುಳ್ಳು ಹೇಳಿದೆಯಲ್ಲ, ನಾನೇನು ಮಗುವೇ, ನನ್ನ ಮೇಲೆ ನಂಬಿಕೆ ಇಲ್ಲವೇ ಎಂಬುದು ಅವಳ ಪ್ರಶ್ನೆ. ಅವಳನ್ನು ನಾನು ನೋಡಿಕೊಳ್ಳಬೇಕು ಎಂಬುದಷ್ಟೇ ನನಗೆ ಗೊತ್ತಿತ್ತು, ಅವಳು ನನ್ನನ್ನು ನೋಡಿಕೊಂಡಾಳು ಎಂದು ಯೋಚಿಸಿದ್ದೇ ಇಲ್ಲ.

ಮಾತ್ರೆ ತೆಗೆದುಕೊಂಡೆ. ಮನೋವೈದ್ಯರ ಹತ್ತಿರವೂ ಹೋದೆ. ಒಳ್ಳೆಯ ಹೆಂಗಸು, ನನ್ನ ದೊಡ್ಡಮ್ಮನ ಕಥೆಯನ್ನು ಗಡಿಯಾರ ನೋಡದೆ ಕೇಳಿದರು. ಆದರೂ ರಾತ್ರಿ ಎರಡು ಮೂರು ಗಂಟೆಗಿಂತ ಹೆಚ್ಚು ನಿದ್ದೆ ಹತ್ತುತ್ತಿರಲಿಲ್ಲ. ಮನೆಯ ಹಾಸಿಗೆ ಕಂಡರೇ ಎದೆ ಬಡಿತ ಏರುತ್ತಿತ್ತು.

ಇತ್ತ ಸೋಮವಾರ ಬಸ್ಸು ಹತ್ತಿದರೆ ಒಳಗೆ ಸ್ಮಶಾನ ಮೌನ. ಯಾರಾದರೂ ತೀರಿಕೊಂಡರೇ ಎಂದು ಗಾಬರಿಯಾಯಿತು. ಶರಣಮ್ಮ ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆ ಸರಿದು ಕುಳಿತಿದ್ದಳು. ನನ್ನ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳದೆ ಇಡೀ ಬಸ್ಸಿಗೆ ಡಂಗುರ ಸಾರಿದ್ದಳು. ನನಗೆ ರೇಗಿತು. "ಎಲ್ಲರಿಗೂ ಯಾಕೆ ಹೇಳಿದಿರಿ?" ಎಂದೆ.

"ಹೇಳ್ದಿದ್ರ ನಾಳೆ ಮತ್ತೊಬ್ಬಾಕಿ ಚಿಕ್ಕಿ ಕೊಡ್ತಾಳ, ನೀವು ತಿಂತೀರಿ. ನಿಮಗ ಬ್ಯಾಡ ಅನ್ಲಿಕ್ಕ ಬರಂಗಿಲ್ಲ" ಎಂದಳು. "ಈಗ ಸುಮ್ಮ ಮಕ್ಕೋರಿ. ಮಹಾಪೆ ಬಂದ್ರ ನಾ ಎಬ್ಬಸ್ತೀನಿ."

ನಗು ಬಂತು. ಬಸ್ಸಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ? ಆದರೂ ಅವಳ ಮಾತಿಗೆ ಕಣ್ಣು ಮುಚ್ಚಿದೆ. ಗಲ್ಲದ ಕೆಳಗೆ ಅವಳ ಅಂಗೈ ಬಂತು. ಮನೀಷಾ ಟಿಕೆಟ್ ಕೇಳುತ್ತಾ ಬರುತ್ತಿದ್ದಳು. ಊರೆಲ್ಲ ಕೇಳುವ ಆ ದನಿಯನ್ನು ಪಿಸುಮಾತಿಗೆ ಇಳಿಸಿ, "ಪಾಸ್... ಪಾಸ್..." ಎನ್ನುತ್ತಿದ್ದಳು. ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿದ ಒಬ್ಬನಿಗೆ, "ಏ ದಾದಾ, ಬಂದ್ ಕರ್. ಪೇಶಂಟ್ ಝೋಪ್ಲಾಯ್" ಎಂದದ್ದು ನನಗೆ ಕೇಳಿಸಿತು, ಹಾಡು ನಿಲ್ಲಿಸು, ಪೇಶಂಟ್ ಮಲಗಿದ್ದಾರೆ ಎಂದು. ಅದರ ನಂತರ ಏನೂ ಕೇಳಿಸಲಿಲ್ಲ.

ಅಂದು ಶಿಳ್‌ಫಾಟಾದಲ್ಲಿ ಒಂದು ಟ್ರೇಲರ್ ಕೆಟ್ಟು ನಿಂತು ಮುಕ್ಕಾಲು ಗಂಟೆ ಬಸ್ಸು ಅಲ್ಲಾಡಲಿಲ್ಲವಂತೆ. ಲಾರಿಗಳ ಹಾರ್ನು, ಧೂಳು, ಮೆಟ್ರೋ ಕೆಲಸದ ಸದ್ದು. ಆ ಜಾಗದ ಟ್ರಾಫಿಕ್ಕಿಗೆ ಇಡೀ ಕಲ್ಯಾಣ ಡೊಂಬಿವಲಿಯೇ ಹಿಡಿಶಾಪ ಹಾಕುತ್ತದೆ, ನಾನೂ ಇಪ್ಪತ್ತು ವರ್ಷ ಹಾಕಿದ್ದೇನೆ. ಆ ಸದ್ದಿನ ನಡುವೆ ನಾನು ಒಂದು ಕನಸೂ ಇಲ್ಲದೆ ಮಲಗಿದ್ದೆ. ಶರಣಮ್ಮ ಎಬ್ಬಿಸಿದಾಗ ಅವಳ ಸೆರಗಿನ ಮೇಲೆ ನನ್ನ ಜೊಲ್ಲು ಸುರಿದಿತ್ತು. ನಾಚಿಕೆಯಾಗಿ ಒರೆಸಲು ಹೋದರೆ, "ಇರ್ಲಿ ಬಿಡ್ರಿ, ನಿದ್ದಿ ಬಂತಲ್ಲ" ಎಂದು ಕೈ ಝಾಡಿಸಿಕೊಂಡಳು. ಒಂದು ಗಂಟೆ ಒಂದೇ ಭಂಗಿಯಲ್ಲಿಟ್ಟು ಅವಳ ಕೈ ಜೋಮು ಹಿಡಿದಿತ್ತು.

ಮೂರು ವಾರ ಹಾಗೇ ನಡೆಯಿತು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಶರಣಮ್ಮ ಇಲ್ಲದ ದಿನ ಇನ್ನೊಬ್ಬಳು ಕೈ ಕೊಡುತ್ತಿದ್ದಳು. ರಸ್ತೆ ಖಾಲಿ ಇದ್ದು ಬಸ್ಸು ಬೇಗ ತಲುಪಿದರೆ ಮನೀಷಾ ನನ್ನ ಕಡೆ ನೋಡಿ ಡ್ರೈವರನಿಗೆ, "ಹಳೂ ಚಾಲವಾ ನಾ" ಎನ್ನುತ್ತಿದ್ದಳು, ಸ್ವಲ್ಪ ಮೆಲ್ಲಗೆ ಓಡಿಸಿ ಎಂದು. ಟ್ರಾಫಿಕ್ ಜಾಮ್ ಆಗಲಿ ಎಂದು ಹಾರೈಸುವ ಹತ್ತು ಹನ್ನೆರಡು ಹೆಂಗಸರು ಈ ಲೋಕದಲ್ಲಿ ಬೇರೆಲ್ಲೂ ಇದ್ದಿರಲಾರರು. ರೊಟ್ಟಿಯನ್ನು ಶರಣಮ್ಮ ಮಜ್ಜಿಗೆಯಲ್ಲಿ ನೆನೆಸಿ ಮೆತ್ತಗೆ ಮಾಡಿ ತರುತ್ತಿದ್ದಳು. ಬಿಪಿ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

ಆಪರೇಷನ್ ದಿನ ಬೆಳಿಗ್ಗೆ ಹಸಿರು ಗೌನು ತೊಡಿಸಿ ಬಿಪಿ ನೋಡಿದರೆ ಮತ್ತೆ ಮೇಲೆ. ನರ್ಸ್ ಮುಖ ಸಪ್ಪೆ ಮಾಡಿದಳು. ಈ ಸಲವೂ ವಾಪಸ್ ಕಳಿಸಿದರೆ? ಇನ್ನೆಷ್ಟು ದಿನ ಆ ಸಿಪ್ಪೆ ತಡೆದೀತು? ಅರಿವಳಿಕೆ ಕೊಡುವ ಡಾಕ್ಟರು ಬಂದರು. ನರೆತ ಕೂದಲಿನ, ದಪ್ಪ ಕನ್ನಡಕದ ಹೆಂಗಸು. ಕಾಗದ ನೋಡಿದರು, ಸ್ಟೂಲ್ ಎಳೆದು ಕುಳಿತು, "ಭೀತಿ ವಾಟ್ತೇ ಕಾ?" ಎಂದರು. ಹೆದರಿಕೆ ಆಗುತ್ತಿದೆಯಾ?

ಇಲ್ಲ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೌದು ಎಂದೆ. ತುಂಬ ಎಂದೆ. "ನೀವು ಮಲಗಿಸಿದ ಮೇಲೆ ನಾನು ಏಳದಿದ್ದರೆ? ನನ್ನ ದೊಡ್ಡಮ್ಮ ಎದ್ದಿರಲಿಲ್ಲ."

ಅವರು ನಗಲಿಲ್ಲ. "ನೀವು ಮಲಗಿದಾಗ ನಾನು ಊಟಕ್ಕೆ ಹೋಗುತ್ತೇನೆ ಅಂದುಕೊಂಡಿದ್ದೀರಾ?" ಎಂದರು. "ನಿಮ್ಮ ತಲೆಯ ಹತ್ತಿರ ಇದೇ ಸ್ಟೂಲಿನ ಮೇಲೆ ಕೂತಿರುತ್ತೇನೆ. ನಿಮ್ಮ ಒಂದೊಂದು ಉಸಿರನ್ನೂ ನೋಡುವುದೇ ನನ್ನ ಕೆಲಸ. ಮಲಗುವುದು ನಿಮ್ಮ ಕೆಲಸ, ಎಚ್ಚರ ಇರುವುದು ನನ್ನದು." ಕೈ ಹಿಡಿದುಕೊಂಡು ಹತ್ತು ನಿಮಿಷ ಅಲ್ಲೇ ಕುಳಿತರು. ನನ್ನ ಕಣ್ಣಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು. ಮತ್ತೆ ಬಿಪಿ ನೋಡಿದರು. ನರ್ಸಿನ ಕಡೆ ತಿರುಗಿ, "ಘ್ಯಾ ಆತ್" ಎಂದರು. ಒಳಗೆ ಕರೆದುಕೊಳ್ಳಿ.

ಎಚ್ಚರವಾದಾಗ ಮೊದಲು ಕಂಡದ್ದು ಆ ದಪ್ಪ ಕನ್ನಡಕ. ಆಮೇಲೆ ಸದಾನಂದ. ಹಲ್ಲುಗಳು ಬಿಗಿದಿದ್ದವು, ಮುಖ ಹಲಸಿನಹಣ್ಣಿನಷ್ಟು ಊದಿತ್ತು, ಮಾತಿಗೆ ದಾರಿಯಿರಲಿಲ್ಲ, ಬರೆದು ತೋರಿಸಲು ಒಂದು ಸ್ಲೇಟು ಕೊಟ್ಟಿದ್ದರು. ಮೂಳೆ ಉಳಿದಿತ್ತು. ಸೊಂಟ ಮುಟ್ಟಬೇಕಾಗಿರಲಿಲ್ಲ. ಮೂರನೆಯ ದಿನ ಸದಾನಂದ ಠಾಣೆಯಿಂದ ಒಂದು ಫ್ಲಾಸ್ಕ್ ತಂದರು. ಸ್ಟ್ರಾ ಹಾಕಿ ಒಂದು ಗುಟುಕು ಎಳೆದರೆ ಮಸಾಲೆ ದೋಸೆಯ ರುಚಿ. ಹೋಟೆಲಿನ ಭಟ್ಟರೂ ಇವರೂ ಸೇರಿ ದೋಸೆ, ಪಲ್ಯ, ಚಟ್ನಿ, ಸಾಂಬಾರು ಎಲ್ಲವನ್ನೂ ಮಿಕ್ಸಿಗೆ ಹಾಕಿ, ಎರಡು ಸಲ ಸೋಸಿದ್ದರಂತೆ. ನೋಡಲು ಸಿಮೆಂಟಿನ ಹಾಗಿತ್ತು. ಒಂದು ತೊಟ್ಟೂ ಬಿಡದೆ ಕುಡಿದೆ. ಸ್ಲೇಟಿನ ಮೇಲೆ "ಉಪ್ಪು ಕಡಿಮೆ" ಎಂದು ಬರೆದೆ. "ಬಂತು ನೋಡಿ ಕ್ವಾಲಿಟಿ ಡಿಪಾರ್ಟ್‌ಮೆಂಟು" ಎಂದು ಅವರು ಪಕ್ಕದ ಬೆಡ್ಡಿನವರಿಗೆ ಹೇಳಿ ಕಣ್ಣೊರೆಸಿಕೊಂಡರು.

ಮನೆಗೆ ಕಳಿಸುವ ದಿನ ನರ್ಸ್ ಒಂದು ಪುಟ್ಟ ತಂತಿ ಕತ್ತರಿ ಕೊಟ್ಟಳು. ವಾಂತಿ ಬಂದರೆ, ಉಸಿರುಗಟ್ಟಿದರೆ, ಈ ನಾಲ್ಕು ಕಡೆ ತಂತಿ ಕತ್ತರಿಸಿ ಬಾಯಿ ಬಿಡಿಸಬೇಕು. ಒಬ್ಬರು ಸದಾ ಇದನ್ನಿಟ್ಟುಕೊಂಡು ಹತ್ತಿರ ಇರಬೇಕು. ಸದಾನಂದ ಕೈ ಚಾಚುವ ಮೊದಲೇ ಅನುಷಾ ಅದನ್ನು ತೆಗೆದುಕೊಂಡಳು. ಎಲ್ಲೆಲ್ಲಿ ಕತ್ತರಿಸಬೇಕು ಎಂದು ಎರಡು ಸಲ ಕೇಳಿ, ನನ್ನ ತುಟಿ ಸರಿಸಿ ಬೆರಳಿಟ್ಟು ನೋಡಿಕೊಂಡಳು. ಕಾಲೇಜಿನ ಐಡಿ ಕಾರ್ಡನ್ನು ದಾರದಿಂದ ಬಿಚ್ಚಿ, ಅದರ ಬದಲು ಕತ್ತರಿಯನ್ನು ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಮನೆಯ ಮೊದಲ ರಾತ್ರಿ. ಅದೇ ಹಾಸಿಗೆ, ಅದೇ ಫ್ಯಾನು. ಬೆನ್ನಿಗೆ ನಾಲ್ಕು ದಿಂಬು ಕೊಟ್ಟು ಕೂರಿಸಿದ ಹಾಗೆ ಮಲಗಿಸಿದ್ದರು. ಬಾಯಿ ಕಟ್ಟಿದೆ, ಕೂಗಲೂ ಆಗದು. ಉಸಿರಿಗೆ ಮೂಗೊಂದೇ ಗತಿ. ಹಳೆಯ ಭಯ ಮತ್ತೆ ಎದೆಯ ಮೇಲೆ ಬಂದು ಕೂರುವಷ್ಟರಲ್ಲಿ ಅನುಷಾ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಹಾಸಿಗೆಗೆ ಮೊಣಕಾಲು ತಾಗುವಂತೆ ಕುಳಿತಳು. ನೀನು ಹೋಗಿ ಮಲಗು ಎಂದು ಸ್ಲೇಟಿನಲ್ಲಿ ಬರೆದೆ. ಅವಳು ಸ್ಲೇಟು ಕಿತ್ತುಕೊಂಡು ಒರೆಸಿ, ನನ್ನ ಕೈಗೆ ಸಿಗದ ಕಡೆ ಇಟ್ಟಳು.

"ಮಮ್ಮಿ, ತುಮ್ ಸೋ ಜಾವೋ. ಮೈಂ ಜಾಗ್ ರಹೀ ಹೂಂ." ನೀನು ಮಲಗು, ನಾನು ಎಚ್ಚರ ಇದ್ದೇನೆ ಎಂದು.

ನಾನು ಅವಳನ್ನು ನೋಡುತ್ತಾ ಇದ್ದೆ. ಅವಳೂ ನನ್ನನ್ನು ನೋಡುತ್ತಾ ಇದ್ದಳು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಕಿಟಕಿಯಿಂದ ಬಿಸಿಲು ನೆಲದ ಅರ್ಧಕ್ಕೆ ಬಂದಿತ್ತು. ಅನುಷಾ ಅದೇ ಕುರ್ಚಿಯಲ್ಲಿ, ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದು, ಕೆಂಪಾದ ಕಣ್ಣುಗಳನ್ನು ತೆರೆದುಕೊಂಡ ಹಾಗೆಯೇ ಕುಳಿತಿದ್ದಳು. ನಾನು ಗಡಿಯಾರದ ಕಡೆ ಕೈ ತೋರಿಸಿದೆ. ಎಂಟೂವರೆ. ನನ್ನ ಹಾಸಿಗೆಯಲ್ಲಿ ನಾನು ಹತ್ತು ಗಂಟೆ ನಿದ್ದೆ ಮಾಡಿದ್ದೆ.